ಡಯೋಡ್‌ಗೂ ನೆನಪಿರುತ್ತದೆ: ಲ್ಯಾಬಿನ ಮೇಜಿನ ಮೇಲೇ ‘ಕೇಯಾಸ್’ ನೋಡುವುದು ಹೇಗೆ?

ಉಯ್ಯಾಲೆಯನ್ನು ಒಂದೇ ಲಯದಲ್ಲಿ ತಳ್ಳುತ್ತಿದ್ದರೆ ಅದೂ ಆ ಲಯಕ್ಕೇ ಆಡುತ್ತದೆ. ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಒಂದು ಕಾಯಿಲ್ ಸೇರಿಸಿ ಕಟ್ಟಿದ ಸರ್ಕ್ಯೂಟ್ ಮಾತ್ರ ಒಂದು ಹಂತ ದಾಟಿದ ಮೇಲೆ ಲಯ ತಪ್ಪುತ್ತದೆ. ನಿಯಮಕ್ಕೆ ಬದ್ಧವಾಗಿದ್ದೂ ಮುಂದೇನೆಂದು ಊಹಿಸಲಾಗದ ಈ ವರ್ತನೆಯೇ ‘ಕೇಯಾಸ್’. ಇಂಥ ಸರ್ಕ್ಯೂಟಿನಲ್ಲಿ ಇದನ್ನು 1981ರಲ್ಲಿ ಅಳೆದು ತೋರಿಸಿದವರು ಭೌತವಿಜ್ಞಾನಿ ಪಾಲ್ ಲಿನ್ಸೆ. ಬಿ.ಎಸ್ಸಿ. ಪ್ರಾಜೆಕ್ಟಿಗೆ ಹೇಳಿ ಮಾಡಿಸಿದಂಥ ಪ್ರಯೋಗ.

ಬೇಕಾದದ್ದು: 1ಎನ್4007 ಡಯೋಡ್, 10 ಮಿಲಿಹೆನ್ರಿ ಕಾಯಿಲ್, 100 ಓಮ್ ರೆಸಿಸ್ಟರ್, ಸಿಗ್ನಲ್ ಜನರೇಟರ್, ಎರಡು ಚಾನೆಲ್‌ನ ಸಿಆರ್‌ಒ (ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್). ಡಯೋಡ್, ರೆಸಿಸ್ಟರ್ ತುಮಕೂರಿನ ಟಿವಿ ರಿಪೇರಿ ಅಂಗಡಿಯಲ್ಲೂ ಸಿಗುತ್ತವೆ. ಕಾಯಿಲ್ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಲಿ ತರಿಸಿಕೊಳ್ಳಿ.

ಮೂರನ್ನೂ ಸಾಲಾಗಿ ಜೋಡಿಸಿ: ಜನರೇಟರ್, ಕಾಯಿಲ್, ಡಯೋಡ್, ರೆಸಿಸ್ಟರ್, ಗ್ರೌಂಡ್. ರೆಸಿಸ್ಟರ್ ಗ್ರೌಂಡಿನ ಕಡೆಗೇ ಇರಬೇಕು. ಜನರೇಟರಿನ ಗ್ರೌಂಡೂ ಸಿಆರ್‌ಒ ಗ್ರೌಂಡೂ ಒಳಗೊಳಗೇ ಒಂದೇ ಆಗಿರುವುದರಿಂದ, ನಡುವೆ ಕ್ಲಿಪ್ ಹಾಕಿದರೆ ಅರ್ಧ ಸರ್ಕ್ಯೂಟ್ ಶಾರ್ಟ್ ಆಗುತ್ತದೆ. ಒಂದನೇ ಚಾನೆಲ್ ಜನರೇಟರಿಗೆ, ಎರಡನೆಯದು ರೆಸಿಸ್ಟರಿಗೆ. ಪ್ರೋಬ್ 10 ಪಟ್ಟಿನ ಸ್ಥಾನದಲ್ಲಿರಲಿ.

ಮೊದಲು ಸೈನ್ ಅಲೆಯ ವೋಲ್ಟೇಜನ್ನು ಆದಷ್ಟು ಕಡಿಮೆ, 50 ಮಿಲಿವೋಲ್ಟ್ ಸುಮಾರಿಗೆ ಇಟ್ಟು, ಆವರ್ತನವನ್ನು 50ರಿಂದ 400 ಕಿಲೋಹರ್ಟ್ಸ್‌ವರೆಗೆ ನಿಧಾನವಾಗಿ ತಿರುಗಿಸಿ. ಎರಡನೇ ಚಾನೆಲ್ ಅತಿ ಎತ್ತರಕ್ಕೆ ಏರುವ ಜಾಗವೇ ಅನುರಣನೆ (ರೆಸೊನೆನ್ಸ್). ಅಲ್ಲೇ ನಿಲ್ಲಿಸಿ, ಇನ್ನು ವೋಲ್ಟೇಜ್ ಮಾತ್ರ ಏರಿಸಿ. ಪರದೆಯ ಚಿತ್ರವನ್ನು ನಿಲ್ಲಿಸಿ ಹಿಡಿಯುವ ಟ್ರಿಗರ್ ಒಂದನೇ ಚಾನೆಲ್‌ನಲ್ಲಿರಲಿ.

ಒಂದು ಹಂತದಲ್ಲಿ ಎರಡನೇ ಚಾನೆಲ್‌ನ ಒಂದು ಗೆರೆ ಎರಡಾಗಿ ಸೀಳುತ್ತದೆ: ಒಂದು ಅಲೆ ಎತ್ತರ, ಮುಂದಿನದು ಗಿಡ್ಡ, ಮತ್ತೆ ಎತ್ತರ. ಅವಧಿ ದುಪ್ಪಟ್ಟಾಯಿತು. ಇನ್ನಷ್ಟು ಏರಿಸಿದರೆ ನಾಲ್ಕು, ಕೈ ಬಿಗಿಹಿಡಿದು ತಿರುಗಿಸಿದರೆ ಎಂಟು, ಆಮೇಲೆ ಪರದೆ ತುಂಬ ಮಸುಕು, ಅದೇ ಕೇಯಾಸ್. ಒಂದು ಚಾನೆಲನ್ನು ಇನ್ನೊಂದರ ಎದುರು ಬಿಡಿಸುವ ಎಕ್ಸ್-ವೈ ಮೋಡಿನಲ್ಲಿ ಇದು ಇನ್ನೂ ಚೆಂದ.

ಹೀಗೇಕೆ? ಡಯೋಡಿನೊಳಗೆ ಕರೆಂಟ್ ಹರಿದಾಗ ಚಾರ್ಜ್ ತುಂಬಿಕೊಳ್ಳುತ್ತದೆ. ವೋಲ್ಟೇಜ್ ತಿರುಗಿದರೂ ಅದು ಬರಿದಾಗುವವರೆಗೆ ಡಯೋಡ್ ಮುಚ್ಚುವುದಿಲ್ಲ. ಹೋದ ಸುತ್ತಿನಲ್ಲಿ ಎಷ್ಟು ಕರೆಂಟ್ ಹರಿದಿತ್ತೋ ಅದರ ಮೇಲೆ ಈ ತಡ ನಿಂತಿದೆ, ಹಾಗಾಗಿ ಹಿಂದಿನ ಅಲೆಯ ಲೆಕ್ಕ ಮುಂದಿನ ಅಲೆಯ ಮೇಲೆ ಬೀಳುತ್ತದೆ. ಸಿಕ್ಕಿತೆಂದು 1ಎನ್4148 ಹಾಕಬೇಡಿ. ಅದು ಕೆಲವೇ ನ್ಯಾನೋಸೆಕೆಂಡಿನಲ್ಲಿ ಮುಚ್ಚಿಬಿಡುತ್ತದೆ, ಈ ಆವರ್ತನದಲ್ಲಿ ನೆನಪೇ ಉಳಿಯದು.

ಮಸುಕು ಬರೀ ಗದ್ದಲ (ನಾಯ್ಸ್) ಇರಬಹುದೆಂಬ ಅನುಮಾನವೇ? ವೋಲ್ಟೇಜ್ ಇನ್ನೂ ಏರಿಸಿ. ಕೇಯಾಸ್ ನಡುವೆ ಥಟ್ಟನೆ ಮೂರು ಸ್ವಚ್ಛ ಗೆರೆಗಳ ಕಿಂಡಿ ತೆರೆದರೆ ಅದು ಗದ್ದಲವಲ್ಲ. ಗೆರೆ ಸೀಳುವ ಒಂದರ ಹಿಂದೊಂದು ಮೂರು ವೋಲ್ಟೇಜ್‌ಗಳ ನಡುವಿನ ಎರಡು ಅಂತರಗಳ ಅನುಪಾತವನ್ನೂ (ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ) ತೆಗೆಯಿರಿ. ಅವಧಿ ಹೀಗೆ ದುಪ್ಪಟ್ಟಾಗುತ್ತ ಹೋಗುವಲ್ಲಿ ಕಾಣುವ ಈ ಅನುಪಾತಕ್ಕೆ ಫೈಗೆನ್‌ಬಾಮ್ ಸಂಖ್ಯೆ ಎಂದು ಹೆಸರು, ಬೆಲೆ 4.669. ಅದು ಕೊನೆಕೊನೆಯ ಸೀಳುಗಳಿಗೆ ಹತ್ತಿರವಾಗುವ ಮೌಲ್ಯ, ಮೊದಲ ಅನುಪಾತವೇ ಅಷ್ಟು ಬಂದರೆ ರೆಕಾರ್ಡ್ ತಿದ್ದುವವರಿಗೆ ಸಂಶಯ ಬಂದೀತು! ಅಳತೆ ತೆಗೆಯುವಾಗ ವೋಲ್ಟೇಜನ್ನು ಏರಿಸುತ್ತಲೇ ಹೋಗಿ. ಇಳಿಸುತ್ತ ಬಂದರೆ ಕೆಲವು ಸೀಳುಗಳು ಬೇರೆ ವೋಲ್ಟೇಜಿನಲ್ಲಿ ಕೂಡಿಕೊಳ್ಳುತ್ತವೆ.