ಒಲೆ ಆರದಂತೆ ಅಡುಗೆಮನೆಗೆ ಹೊಸ ರೂಪ

ಮಾಡ್ಯುಲರ್ ಕಿಚನ್ ಮಳಿಗೆಯಲ್ಲಿ ಅಳತೆ ಕೊಟ್ಟರೆ ಸಾಮಾನ್ಯವಾಗಿ ಲಕ್ಷದ ಕೆಳಗೆ ಮಾತೇ ಶುರುವಾಗುವುದಿಲ್ಲ. ಆದರೆ ಹತ್ತು ಹದಿನೈದು ವರ್ಷದ ಹಳೆಯ ಅಡುಗೆಮನೆಯಲ್ಲಿ ನಿಜಕ್ಕೂ ಕೆಟ್ಟಿರುವುದು ಎಷ್ಟು? ಬಾಗಿಲುಗಳ ಬಣ್ಣ, ಜೋತುಬಿದ್ದ ನಾಲ್ಕಾರು ಹಿಂಜ್, ಒಲೆ ಹಿಂದಿನ ಟೈಲ್ಸ್ ಸಂದಿಯ ಕಪ್ಪು, ಸಿಂಕ್ ಸುತ್ತ ಬೂಷ್ಟು, ಸಾಲದ ಬೆಳಕು. ಗ್ರಾನೈಟ್ ಕಟ್ಟೆ, ಗೋಡೆಯ ಟೈಲ್ಸ್, ಒಳಗಿನ ಕಡಪ ಕಲ್ಲಿನ ಹಲಗೆಗಳು ಇನ್ನೂ ಇಪ್ಪತ್ತು ವರ್ಷ ಬಾಳುತ್ತವೆ. ಅವನ್ನು ಒಡೆಯದಿದ್ದರೆ ಸುಮಾರು ಹತ್ತು ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಯುತ್ತದೆ.

ಕಷ್ಟ ಇರುವುದು ಸಮಯದ್ದು. ಬೆಳಿಗ್ಗೆ ಸ್ಕೂಲ್ ವ್ಯಾನ್ ಬರುವುದರೊಳಗೆ ಡಬ್ಬಿ ತುಂಬಬೇಕು, ಸಂಜೆ ಟ್ರಾಫಿಕ್ ದಾಟಿ ಬಂದ ಮೇಲೆ ಮತ್ತೆ ಕುಕ್ಕರ್ ಇಡಬೇಕು. ಅದಕ್ಕೇ ಈ ಕೆಲಸವನ್ನು ಮೂರು ವಾರಾಂತ್ಯಗಳಿಗೆ, ನಡುವೆ ರಾತ್ರಿ ಮಕ್ಕಳು ಮಲಗಿದ ಮೇಲಿನ ಮುಕ್ಕಾಲು ಗಂಟೆಗಳಿಗೆ ಹಂಚಿದೆ. ಒಲೆ ಒಂದು ದಿನವೂ ನಿಲ್ಲುವುದಿಲ್ಲ. ಸಿಂಕ್‌ಗೆ ಮಾತ್ರ ಸುಮಾರು ಒಂದೂವರೆ ದಿನ ರಜೆ.

ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ಬಿಚ್ಚಿದ ಹಳೆ ಹಿಡಿ, ಹಿಂಜ್‌ಗಳನ್ನು ಚೀಲದಲ್ಲಿ ಎತ್ತಿಡಿ. ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಿಂದ ಮುರಿದುಕೊಳ್ಳುವ ಪದ್ಧತಿ ಬೆಂಗಳೂರಿನಲ್ಲಿ ಹೇಗೂ ಇದೆ. ಅದರ ಮೇಲೆ ಇನ್ನೊಂದು ಲೆಕ್ಕ ಸೇರುವುದು ಬೇಡ.

ಮೊದಲು ಟಾರ್ಚ್, ಆಮೇಲೆ ಬಣ್ಣದಂಗಡಿ

ಸಿಂಕ್ ಕೆಳಗಿನ ಬಾಗಿಲು ತೆರೆದು ಟಾರ್ಚ್ ಬಿಟ್ಟು ನೋಡಿ. ಹಲಗೆಯ ತಳದಂಚನ್ನು ಉಗುರಿನಿಂದ ಒತ್ತಿ. ಉಗುರು ಒಳಗಿಳಿದರೆ, ಅಂಚು ಬಿಸ್ಕತ್ತಿನಂತೆ ಉಬ್ಬಿದ್ದರೆ, ಅದು ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್ (ಮರದ ಪುಡಿ, ನಾರು ಒತ್ತಿ ಮಾಡಿದ ಹಲಗೆ), ನೀರು ಕುಡಿದಿದೆ. ಅದಕ್ಕೆ ಯಾವ ಬಣ್ಣವೂ ಮದ್ದಲ್ಲ. ಮೊದಲು ಸೋರಿಕೆ ನಿಲ್ಲಿಸಿ, ಆ ಒಂದು ಬಾಗಿಲನ್ನಷ್ಟೇ ಬದಲಿಸಿ. ಪ್ಲೈವುಡ್ ಅಂಗಡಿಯಲ್ಲಿ ಅಳತೆ ಕೊಟ್ಟರೆ 18 ಮಿ.ಮೀ. ಹಲಗೆ ಕತ್ತರಿಸಿ ಕೊಡುತ್ತಾರೆ. ಸಿಂಕ್ ಕೆಳಗೆ ಐಎಸ್ 710 ಮುದ್ರೆಯ ಬಿಡಬ್ಲ್ಯುಪಿ (ಕುದಿನೀರಿಗೂ ಜಗ್ಗದ) ಪ್ಲೈ ಬೇಕು. ಬೇರೆಡೆಗೆ ಐಎಸ್ 303ರ ಬಿಡಬ್ಲ್ಯುಆರ್ (ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು) ಸಾಕು. ಕತ್ತರಿಸಿದ ನಾಲ್ಕೂ ಅಂಚಿಗೆ ಎರಡು ಸಲ ಪ್ರೈಮರ್ ಕುಡಿಸಿ, ನೀರು ಒಳಹೋಗುವುದು ಅಲ್ಲಿಂದಲೇ.

ಹಾಗೆಯೇ ಗ್ಯಾಸ್ ಪೈಪಿನ ಮೇಲೆ ಅಚ್ಚಾದ ತಾರೀಕು ನೋಡಿ. ಕಿತ್ತಳೆ ಬಣ್ಣದ ಸುರಕ್ಷಾ ಹೋಸ್‌ಗೆ ಐದು ವರ್ಷ ಮೀರಿದ್ದರೆ ಏಜೆನ್ಸಿಯಿಂದ ಹೊಸದು ತರಿಸಿ. ಕೊಳವೆ ಗ್ಯಾಸ್ ಬಂದಿರುವ ಮನೆಗಳಲ್ಲಿ ಆ ಪೈಪು, ಮೀಟರ್ ಯಾವುದನ್ನೂ ನೀವು ಸರಿಸಬೇಡಿ. ಅದನ್ನು ಕಂಪನಿಯವರೇ ಬಂದು ಮಾಡಬೇಕು.

ಬಾಗಿಲುಗಳ ಮೈ ಯಾವುದು ಎಂಬುದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ಹಳೆ ಬಣ್ಣದ ಪ್ಲೈವುಡ್ ಆದರೆ ಸುಲಭ. ಸನ್‌ಮೈಕಾ ಅಂಟಿಸಿದ್ದಾದರೆ ಮಾಮೂಲಿ ವುಡ್ ಪ್ರೈಮರ್ ಹಿಡಿಯುವುದಿಲ್ಲ. ನುಣುಪು ಮೈಗೆ ಕಚ್ಚಿಕೊಳ್ಳುವ ಮಲ್ಟಿ ಸರ್ಫೇಸ್ ಪ್ರೈಮರ್ ಎಂದೇ ಕೇಳಿ ತನ್ನಿ.

ಎಷ್ಟು ತರಬೇಕು

ಕೆಳಗೆ ಎಂಟು, ಮೇಲೆ ಆರು ಬಾಗಿಲು, ಒಂದೊಂದೂ ಒಂದೂವರೆ ಅಡಿಗೆ ಎರಡೂಕಾಲು ಅಡಿ ಎಂದಿಟ್ಟುಕೊಳ್ಳಿ. ಮುಂಭಾಗ ಒಟ್ಟು 47 ಚದರ ಅಡಿ. ಹಿಂಭಾಗವೂ ಸೇರಿ, ಎರಡು ಕೋಟ್‌ಗೆ ಸುಮಾರು 190. ಎನಾಮಲ್ ಬಣ್ಣ ಒಂದು ಲೀಟರ್‌ಗೆ ಒಂದು ಕೋಟ್ ನೂರು ಚದರ ಅಡಿ ಬರುತ್ತದೆ ಎಂಬ ಲೆಕ್ಕದಲ್ಲಿ ಎರಡು ಲೀಟರ್ ಬಣ್ಣ, ಒಂದು ಲೀಟರ್ ಪ್ರೈಮರ್ ಸಾಕು.

ವಾಟರ್ ಬೇಸ್ಡ್ ಎನಾಮಲ್ ಕೇಳಿ. ಎಣ್ಣೆ ಎನಾಮಲ್‌ಗಿಂತ ದುಬಾರಿ, ಆದರೂ ಅದೇ ಸರಿ: ವಾಸನೆ ಕಡಿಮೆ, ಟರ್ಪೆಂಟೈನ್ ಬೇಡ, ಒಂದೇ ದಿನ ಎರಡು ಕೋಟ್ ಆಗುತ್ತದೆ. ಮುಖ್ಯವಾಗಿ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಎಣ್ಣೆ ಎನಾಮಲ್‌ನ ಬಿಳಿ ಬೆಳಕು ಕಾಣದ ಕಡೆ ಹಳದಿಗೆ ತಿರುಗುತ್ತದೆ, ಕಪಾಟಿನ ಬಾಗಿಲಿನ ಒಳಮೈಗಿಂತ ಕತ್ತಲೆ ಜಾಗ ಬೇರೆ ಬೇಕೆ? ಹೊಳಪು ಸ್ಯಾಟಿನ್ ಇರಲಿ. ಮಿರುಗುವ ಗ್ಲಾಸಿ ಫಿನಿಶ್ ಒರೆಸಲು ಸುಲಭವಾದರೂ ಹಲಗೆಯ ಪ್ರತಿ ತಗ್ಗನ್ನೂ ಎತ್ತಿ ತೋರಿಸುತ್ತದೆ.

ಜೊತೆಗೆ 180 ಮತ್ತು 320 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಎಂಟೆಂಟು ಹಾಳೆ, ನಾಲ್ಕಿಂಚಿನ ಫೋಮ್ ರೋಲರ್ ಎರಡು, ಒಂದೂವರೆ ಇಂಚಿನ ಬ್ರಷ್, ವುಡ್ ಪುಟ್ಟಿ ಕಾಲು ಕೆ.ಜಿ., ಮಾಸ್ಕಿಂಗ್ ಟೇಪ್. ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲೇ ಇವೆಲ್ಲ ಸಿಗುತ್ತವೆ. ಹಿಂಜ್, ಹಿಡಿ, ಎಲ್‌ಇಡಿಗೆ ಆಯ್ಕೆ ಬೇಕೆನಿಸಿದರೆ ಬೆಂಗಳೂರಿನ ಎಸ್.ಪಿ. ರಸ್ತೆ, ಚಿಕ್ಕಪೇಟೆ ಕಡೆಗೆ ಶನಿವಾರವೇ ಹೋಗಿ. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ.

ಬಾಗಿಲು ಬಿಚ್ಚುವ ರಾತ್ರಿ

ಹದಿನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಮೊದಲ ವಾರಾಂತ್ಯ ಕೆಳಗಿನವು, ಎರಡನೆಯದರಲ್ಲಿ ಮೇಲಿನವು. ಬಾಲ್ಕನಿಯಲ್ಲಿ ಏಳೆಂಟು ಬಾಗಿಲು ಹರಡಿದರೆ ಕಾಲಿಡಲು ಜಾಗ ಇರುವುದಿಲ್ಲ. ಕೆಳಗಿನ ಗೂಡುಗಳಿಗೆ ಬಾಗಿಲಿಲ್ಲದಷ್ಟು ದಿನ ಫಿನೈಲ್, ಚಾಕು, ತುರಿಮಣೆ ಎಲ್ಲ ಅಟ್ಟದ ಮೇಲಕ್ಕೆ ಹೋಗಲಿ.

ಬಿಚ್ಚುವ ಮೊದಲು ಪ್ರತಿ ಬಾಗಿಲ ಹಿಂದೆ, ಹಿಂಜ್ ಕೂರುವ ಗುಳಿಯೊಳಗೆ, ಬಾಲ್ ಪೆನ್ನಿನಿಂದ ನಂಬರ್ ಬರೆಯಿರಿ: ಕೆ-1, ಕೆ-2, ಮೇ-1. ಮೇಲೆ ಅಂಟಿಸಿದ ಚೀಟಿ ತೊಳೆಯುವಾಗ ಕಿತ್ತುಹೋಗುತ್ತದೆ. ಗುಳಿಗೆ ಬಣ್ಣ ತಾಗುವುದಿಲ್ಲವಾದ್ದರಿಂದ ನಂಬರ್ ಉಳಿಯುತ್ತದೆ. ತೊಳೆದು ಒಣಗಿಸಿದ ನಂದಿನಿ ಹಾಲಿನ ಕವರ್‌ಗಳಲ್ಲಿ ಒಂದೊಂದು ಬಾಗಿಲಿನ ಸ್ಕ್ರೂಗಳನ್ನು ಬೇರೆಬೇರೆ ಹಾಕಿ. ನೋಡಲು ಬಾಗಿಲುಗಳೆಲ್ಲ ಒಂದೇ ಅಳತೆಯಂತಿದ್ದರೂ ಹಳೆ ಅಡುಗೆಮನೆಯ ಎರಡು ಬಾಗಿಲು ಒಂದೇ ಅಳತೆಯಲ್ಲಿರುವುದು ಅಪರೂಪ.

ಜಿಡ್ಡು ಹೋಗದೆ ಬಣ್ಣ ನಿಲ್ಲದು

ಬಣ್ಣ ಆರು ತಿಂಗಳಲ್ಲಿ ಸಿಪ್ಪೆಯೆದ್ದು ಬಂದರೆ ಜನ ಬಣ್ಣದ ಕಂಪನಿಯನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಒಗ್ಗರಣೆಯದು. ಸಾಸಿವೆ ಸಿಡಿದಾಗ ಮೇಲೇಳುವ ಎಣ್ಣೆ ಹೊಗೆ ಬಾಗಿಲಿನ ಮೇಲೆ ಕೂತು, ವರ್ಷಗಳಲ್ಲಿ ಗೋಂದಿನಂತೆ ಗಟ್ಟಿಯಾಗುತ್ತದೆ. ಒಲೆ ಪಕ್ಕದ ಮೇಲ್ಬಾಗಿಲಿನ ತಲೆಯಂಚನ್ನು ಬೆರಳಿಂದ ಸವರಿ ನೋಡಿ: ಜೇನು ಬಣ್ಣದ ಅಂಟು, ಅದರ ಮೇಲೆ ಧೂಳಿನ ರೋಮ. ಹಿಡಿಯ ಸುತ್ತ ಅಂಗೈ ಅಗಲದ ಕಪ್ಪು.

ನಾಲ್ಕು ಲೀಟರ್ ಬಿಸಿನೀರಿಗೆ ಮೂರು ಟೇಬಲ್ ಚಮಚ ವಾಷಿಂಗ್ ಸೋಡಾ, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್. ಅಡುಗೆ ಸೋಡಾ ಇಲ್ಲಿ ಸಾಲದು, ವಾಷಿಂಗ್ ಸೋಡಾವೇ ಬೇಕು. ಕೈಗೆ ಗ್ಲೌಸ್ ಕಡ್ಡಾಯ. ಅಲ್ಯೂಮಿನಿಯಂ ಹಿಡಿ, ಚಿಮಣಿಯ ಅಲ್ಯೂಮಿನಿಯಂ ಜಾಲರಿಗೆ ಇದನ್ನು ತಾಗಿಸಬೇಡಿ, ಕಪ್ಪಾಗುತ್ತವೆ. ದ್ರಾವಣ ಹಚ್ಚಿ ಐದು ನಿಮಿಷ ಬಿಟ್ಟು ಹಸಿರು ಸ್ಕ್ರಬ್ಬರ್‌ನಲ್ಲಿ ತಿಕ್ಕಿ, ಒಣಗಲು ಬಿಡದೆ ಒರೆಸಿ, ಎರಡು ಸಲ ಬರಿ ನೀರಿನಲ್ಲಿ ತೊಳೆಯಿರಿ. ಸೋಡಾ ಉಳಿದರೂ ಬಣ್ಣ ಹಿಡಿಯದು. ಒಂದು ರಾತ್ರಿ ಒಣಗಲಿ.

ತೊಳೆಯದೆ ಮೊದಲೇ ಪೇಪರ್ ಹಾಕಿದರೆ ಪೇಪರ್ ಎರಡೇ ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ, ಜಿಡ್ಡು ಗೀರುಗಳೊಳಗೆ ಇನ್ನಷ್ಟು ಇಳಿಯುತ್ತದೆ. ತೊಳೆದು ಒಣಗಿದ ಮೇಲೆ 180ರ ಪೇಪರ್ ಅನ್ನು ನೀರಿನಲ್ಲಿ ಅದ್ದಿ, ಹೊಳಪು ಪೂರ್ತಿ ಸಾಯುವವರೆಗೆ ಉಜ್ಜಿ. ಉಜ್ಜಿದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ನೀರು ಕೆಸುವಿನೆಲೆಯ ಮೇಲಿನಂತೆ ಗುಂಡಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಮತ್ತೊಮ್ಮೆ ಸೋಡಾ. ತೆಳ್ಳಗೆ ಹರಡಿದರೆ ಮುಂದಕ್ಕೆ ಹೋಗಿ.

ನೀರು ಹಾಕಿ ಉಜ್ಜಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂಬ ಕೇಂದ್ರದ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಎನಾಮಲ್‌ನಲ್ಲಿ ಸೀಸ ಇರಬಹುದು. ಒಣ ಧೂಳು ಮಕ್ಕಳಿಗೆ ಕೆಟ್ಟದ್ದು. ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಬಣ್ಣದ ದಿನ

ಹಳೆ ಹಿಡಿಯ ತೂತು ಹೊಸದಕ್ಕೆ ಹೊಂದದಿದ್ದರೆ ಪುಟ್ಟಿ ತುಂಬಿ, ಒಣಗಿಸಿ ಸಮ ಮಾಡಿ. ಬಾಲ್ಕನಿ ನೆಲಕ್ಕೆ ನೀರು ಹಾಕಿ, ಈ ಊರಿನ ಧೂಳು ಸ್ವಲ್ಪ ಹೊತ್ತಾದರೂ ಅಡಗಿರುತ್ತದೆ. ಬಾಗಿಲನ್ನು ನಾಲ್ಕು ಬಾಟಲಿ ಮುಚ್ಚಳಗಳ ಮೇಲೆ ಮಲಗಿಸಿ. ನಿಲ್ಲಿಸಿ ಬಳಿದರೆ ಬಣ್ಣ ಕೆಳಗಿಳಿದು ಕಣ್ಣೀರ ಗೆರೆ ಬೀಳುತ್ತದೆ. ಪ್ರೈಮರ್ ಒಂದು ಕೋಟ್, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲಿ, 320ರ ಪೇಪರ್ ಹಗುರವಾಗಿ ಆಡಿಸಿ, ಒರೆಸಿ. ಮೊದಲು ಅಂಚುಗಳಿಗೆ ಬ್ರಷ್, ತಕ್ಷಣ ಮೈಗೆ ರೋಲರ್. ತೆಳ್ಳಗೆ ಎರಡು ಕೋಟ್, ನಡುವೆ ನಾಲ್ಕರಿಂದ ಆರು ಗಂಟೆ.

ಸನ್‌ಮೈಕಾ ಬಾಗಿಲಾದರೆ ಒಂದೇ ಒಂದರ ಮೇಲೆ ಪ್ರೈಮರ್ ಹಚ್ಚಿ ಮಾರನೆಯ ದಿನ ಬ್ಲೇಡಿನಿಂದ ಕತ್ತರಿ ಗುರುತು ಗೀರಿ, ಮೇಲೆ ಟೇಪ್ ಒತ್ತಿ ಝಟ್ಟನೆ ಕೀಳಿ. ಪ್ರೈಮರ್ ಟೇಪಿನ ಜೊತೆ ಬಂದರೆ ಉಳಿದ ಹದಿಮೂರು ಬಾಗಿಲು ಬಚಾವ್. ಉಜ್ಜುವುದು ಸಾಲಲಿಲ್ಲ ಎಂದರ್ಥ.

ಬಳಿದ ಬಣ್ಣದಲ್ಲಿ ಸೂಜಿಮೊನೆಯಷ್ಟು ಗುಂಡಿಗಳೆದ್ದರೆ ಅಲ್ಲಿ ಫರ್ನಿಚರ್ ಪಾಲಿಷ್ ಅಥವಾ ಜಿಡ್ಡು ಉಳಿದಿದೆ. ಉರಿಬಿಸಿಲಲ್ಲಿ ಒಣಗಿಸಿದರೆ ಗುಳ್ಳೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆ ದಿನಗಳಲ್ಲಿ ಒಣಗುವುದು ನಿಧಾನ, ಎರಡನೇ ಕೋಟ್ ಅವಸರಿಸಿದರೆ ಮೊದಲಿನದೂ ಸುಕ್ಕಾಗಬಹುದು. ಈ ಕೆಲಸಕ್ಕೆ ಜನವರಿ, ಫೆಬ್ರವರಿಯಷ್ಟು ಒಳ್ಳೆಯ ಕಾಲ ಬೆಂಗಳೂರಿನಲ್ಲಿಲ್ಲ.

ಟೈಲ್ಸ್ ಸಂದಿ

ಬಾಗಿಲು ಹೊರಗೆ ಒಣಗುವಾಗ ಒಳಗೆ ಈ ಕೆಲಸ. ಬೋರ್‌ವೆಲ್ ನೀರಿನ ಬಿಳಿ ಕಲೆ ನಲ್ಲಿ ಮತ್ತು ಟೈಲ್ಸ್ ಮೇಲಿದ್ದರೆ ಅರ್ಧ ಲೀಟರ್ ನೀರಿಗೆ ಒಂದು ಚಮಚ ಸಿಟ್ರಿಕ್ ಆ್ಯಸಿಡ್ ಪುಡಿ ಕಲಸಿ ಒರೆಸಿದರೆ ಕರಗುತ್ತದೆ. ಕಡಪ ಕಲ್ಲಿಗೆ ಮಾತ್ರ ಹನಿಯೂ ಬೀಳಬಾರದು. ಅದು ಸುಣ್ಣಕಲ್ಲಿನ ಜಾತಿ, ನಿಂಬೆಹಣ್ಣು ಬಿದ್ದರೂ ಮೈ ಮಂಕಾಗುತ್ತದೆ. ಗಾಡಿಯಲ್ಲಿ ಬಾಟಲಿಗೆ ತುಂಬಿ ಮಾರುವ ಕಡು ಆ್ಯಸಿಡ್ ತರಲೇಬೇಡಿ. ಟೈಲ್ಸ್ ಸಂದಿಗೆ ತುಂಬಿದ ಗ್ರೌಟ್ ತಿನ್ನುತ್ತದೆ, ಸ್ಟೀಲ್ ಸಿಂಕ್ ಕೆಡಿಸುತ್ತದೆ, ಬ್ಲೀಚ್ ಜೊತೆ ಸೇರಿದರೆ ವಿಷಗಾಳಿ.

ಒಲೆ ಹಿಂದಿನ ನಾಲ್ಕಡಿ ಅಗಲಕ್ಕೆ ಮಾತ್ರ ಎಪಾಕ್ಸಿ ಗ್ರೌಟ್ ಹಾಕಿ. ಅರಿಶಿನ, ಎಣ್ಣೆ ಅದಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಉಳಿದೆಡೆ ಸಿಮೆಂಟ್ ಗ್ರೌಟ್ ಸಾಕು, ಬೆಲೆ ಬಹಳ ಕಡಿಮೆ. ಹಳೆ ಗ್ರೌಟನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ 2–3 ಮಿ.ಮೀ. ಆಳಕ್ಕೆ ಕೆರೆಯಿರಿ, ಬರಿ ಮೇಲೆ ಸವರಿದ್ದು ತಿಂಗಳಲ್ಲಿ ಉದುರುತ್ತದೆ. ಎಪಾಕ್ಸಿಯನ್ನು ಪೊಟ್ಟಣದ ಪ್ರಮಾಣದಲ್ಲೇ ತೂಗಿ, ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಸಂದಿಗೆ ಒತ್ತಿ, ಒದ್ದೆ ಸ್ಪಂಜನ್ನು ಕರ್ಣರೇಖೆಯಲ್ಲಿ ಎಳೆದು ಒರೆಸಿ. ಸಂದಿಯ ಉದ್ದಕ್ಕೇ ಎಳೆದರೆ ತುಂಬಿದ್ದೆಲ್ಲ ಸ್ಪಂಜಿಗೇ ಬರುತ್ತದೆ. ಟೈಲ್ಸ್ ಮೇಲೆ ಉಳಿದ ಮಬ್ಬು ಗಟ್ಟಿಯಾದರೆ ಮತ್ತೆ ಬಿಡಿಸುವುದು ಸಾಹಸ.

ಸಿಂಕ್ ರಜೆಯ ದಿನ

ಸಿಂಕ್ ಮತ್ತು ಕಟ್ಟೆಯ ನಡುವಿನ ಕಪ್ಪಾದ ಸಿಲಿಕಾನ್ ಅನ್ನು ಬ್ಲೇಡಿನಿಂದ ಪೂರ್ತಿ ಕಿತ್ತು, ಸ್ಪಿರಿಟ್‌ನಲ್ಲಿ ಒರೆಸಿ, ರಾತ್ರಿ ಒಣಗಲು ಬಿಡಿ. ಹಳೆಯದರ ಮೇಲೆ ಹೊಸ ಸಿಲಿಕಾನ್ ಅಂಟುವುದಿಲ್ಲ. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕಾನ್, ಬೂಷ್ಟು ನಿರೋಧಕ ಇರುವುದನ್ನು ಕೇಳಿ. ವಿನೆಗರ್ ವಾಸನೆಯ ಅಗ್ಗದ ಬಗೆ ಕಲ್ಲಿಗೆ ಕಲೆ ಮಾಡಬಹುದು. ಎರಡೂ ಬದಿ ಮಾಸ್ಕಿಂಗ್ ಟೇಪ್, ಒಂದೇ ಎಳೆಯಲ್ಲಿ ಗೆರೆ, ಸಾಬೂನು ನೀರಿನಲ್ಲಿ ಅದ್ದಿದ ಬೆರಳಿಂದ ಒಮ್ಮೆ ಸವರಿ, ತಕ್ಷಣ ಟೇಪ್ ಕೀಳಿ. ಮೇಲೆ ಪೊರೆ ಕಟ್ಟಿದ ಮೇಲೆ ಕಿತ್ತರೆ ಅಂಚು ಹರಿದು ಬರುತ್ತದೆ. 24 ಗಂಟೆ ನೀರು ಮುಟ್ಟಿಸಬೇಡಿ. ಪಾತ್ರೆಗಳು ಅಂದು ಯುಟಿಲಿಟಿಯ ನಲ್ಲಿಗೆ. ಕಾವೇರಿ ನೀರು ಬರುವ ದಿನ, ನೆಂಟರು ಬರುವ ದಿನ ಇದಕ್ಕೆ ಕೈ ಹಾಕಬೇಡಿ.

ಹಿಂಜ್, ಹಿಡಿ, ಬೆಳಕು

ಹಿಂಜ್ ಕೊಳ್ಳಲು ಹಳೆಯದನ್ನು ಜೇಬಿನಲ್ಲಿ ಒಯ್ಯಿರಿ. ಗುಳಿಯಲ್ಲಿ ಕೂರುವ ಬಟ್ಟಲಿನ ಅಗಲ ಸಾಮಾನ್ಯವಾಗಿ 35 ಮಿ.ಮೀ.; ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚಿದರೆ ಸೊನ್ನೆ ಕ್ರ್ಯಾಂಕ್ (ಹಿಂಜ್ ತೋಳಿನ ಬಾಗು), ಅರ್ಧ ಮುಚ್ಚಿದರೆ 8, ಒಳಗೆ ಕೂತರೆ 16. ತಪ್ಪು ಕ್ರ್ಯಾಂಕ್ ತಂದರೆ ಯಾವ ಸ್ಕ್ರೂ ತಿರುಗಿಸಿದರೂ ಬಾಗಿಲು ಸೇರದು. ಹಿಡಿಗೂ ಹಾಗೆಯೇ, ಎರಡು ತೂತುಗಳ ನಡುವಿನ ಅಂತರ 96 ಮಿ.ಮೀ. ಇದೆಯೋ 128 ಇದೆಯೋ ಅಳೆದುಕೊಳ್ಳಿ.

ಸ್ಕ್ರೂ ಹಿಡಿತವಿಲ್ಲದೆ ಸುಮ್ಮನೆ ತಿರುಗುತ್ತಿದ್ದರೆ ತೂತಿಗೆ ಫೆವಿಕಾಲ್ ಅದ್ದಿದ ಎರಡು ಮೂರು ಬೆಂಕಿಕಡ್ಡಿ ತುರುಕಿ, ಒಣಗಿದ ಮೇಲೆ ಸಮಕ್ಕೆ ಕತ್ತರಿಸಿ, ಅದೇ ಸ್ಕ್ರೂ ಹಾಕಿ. ಮದ್ದಿನ ತಲೆ ಮುರಿದು ಹಾಕಿ, ಮರೆಯಬೇಡಿ.

ಬೆಳಕಿಗೆ ಎರಡಡಿಯ 10 ವ್ಯಾಟ್ ಎಲ್‌ಇಡಿ ಬ್ಯಾಟನ್ ಒಂದು ಸಾಕು. ಚಾವಣಿಯ ದೀಪ ನಿಮ್ಮ ಬೆನ್ನ ಹಿಂದಿರುವುದರಿಂದ ತರಕಾರಿ ಹೆಚ್ಚುವುದು ನಿಮ್ಮದೇ ನೆರಳಿನಲ್ಲಿ. ಮೇಲಿನ ಕಪಾಟಿನ ತಳದಲ್ಲಿ, ಗೋಡೆಯ ಕಡೆಗಲ್ಲದೆ ಮುಂದಂಚಿಗೆ ಬ್ಯಾಟನ್ ಕೂರಿಸಿ. ಒಲೆಯ ನೇರ ಮೇಲೆ ಬೇಡ. ಮೇನ್ ಬೋರ್ಡಿನ ಎಂಸಿಬಿ ಸ್ವಿಚ್ ಆರಿಸದೆ ಕೈ ಹಾಕಬೇಡಿ. ಹೊಸ ಪಾಯಿಂಟ್ ಎಳೆಯುವುದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ. ಬಂದಾಗ ಇಂಡಕ್ಷನ್ ಒಲೆ 16 ಆ್ಯಂಪ್ ಸಾಕೆಟ್‌ನಲ್ಲೇ ಇದೆಯೇ ಎಂದೂ ನೋಡಿಸಿ. 2000 ವ್ಯಾಟ್‌ನ ಒಲೆಗೆ 6 ಆ್ಯಂಪ್ ಸಾಕೆಟ್ ತಡೆಯುವುದಿಲ್ಲ.

ಬಾಗಿಲು ತೂಗುಹಾಕುವುದು ಕೊನೆಗೆ, ಕಡೇ ಕೋಟ್ ಆಗಿ ಕನಿಷ್ಠ ಎರಡು ದಿನ ಬಿಟ್ಟು. ಮುಟ್ಟಿದರೆ ಒಣಗಿದಂತಿರುವ ಬಣ್ಣ ಒಳಗೆ ಇನ್ನೂ ಮೆತ್ತಗಿರುತ್ತದೆ. ಚೌಕಟ್ಟಿಗೆ ತಾಗುವ ಕಡೆ ಅಂಟಿಕೊಂಡು, ಬೆಳಿಗ್ಗೆ ತೆರೆದಾಗ ಚಕ್ಕೆ ಹಾರುತ್ತದೆ. ಚೌಕಟ್ಟಿನ ಮೂಲೆಗಳಿಗೆ ಬಟಾಣಿ ಗಾತ್ರದ ರಬ್ಬರ್ ಬಂಪರ್ ಅಂಟಿಸಿ. ಬಣ್ಣ ಪೂರ್ತಿ ಗಟ್ಟಿಯಾಗಲು ಕನಿಷ್ಠ ಒಂದು ವಾರ ಬೇಕು. ಅಲ್ಲಿಯವರೆಗೆ ಒಣ ಬಟ್ಟೆ ಮಾತ್ರ, ಸ್ಕ್ರಬ್ಬರ್ ಬೇಡ. ಮನೆಕೆಲಸಕ್ಕೆ ಬರುವವರಿಗೂ ಇದನ್ನು ಮೊದಲೇ ಹೇಳಿಡಿ.