ಐಟುಪಿ ಹಾಕ್ಕೊಂಡ ಮೊದಲ ವಾರ: ನನ್ನ ಅನುಭವ

ನಾವ್ಯಾರು ಅಂತ ಗೊತ್ತಾಗದ ಹಾಗೆ ನೆಟ್ ಬಳಸೋಕೆ ಇರೋ ಟಾರ್ ಹೆಸರು ಸುಮಾರು ಜನ ಕೇಳಿರ್ತೀರ, ಅದೇ ಥರದ ಇನ್ನೊಂದು ನೆಟ್‌ವರ್ಕ್ ಐಟುಪಿ (I2P) ಕೇಳಿರೋರು ಕಮ್ಮಿ, ಆದ್ರೆ ಇದೂ 2003ರಿಂದ ಇದೆ. ಟಾರ್‌ನಲ್ಲಿ ಯಾರೋ ನಡೆಸೋ ರಿಲೇಗಳ (ಡೇಟಾ ದಾಟಿಸೋ ಮಷೀನುಗಳ) ಮೇಲೆ ನಾವು ಓಡಾಡ್ತೀವಿ, ಇಲ್ಲಿ ಹಾಗಲ್ಲ, ಹಾಕ್ಕೊಂಡೋರ ಮಷೀನೇ ಒಂದು ರೂಟರ್ ಆಗುತ್ತೆ, ಬೇರೆಯವರ ಡೇಟಾ ನಾವು ದಾಟಿಸ್ತೀವಿ ನಮ್ಮದನ್ನ ಅವರು ದಾಟಿಸ್ತಾರೆ. ನಮ್ಮ ಕಡೆ ಗದ್ದೆ ನಾಟಿಗೆ ಮುಯ್ಯಾಳು ಹೋಗ್ತಾರಲ್ಲ, ಅದೇ ಲೆಕ್ಕ. ನಂಗೆ ಇದು ಹಿಡಿಸಿದ್ದೇ ಅದಕ್ಕೆ.

ಉಬುಂಟು ಇರೋ ಹಳೇ ಲ್ಯಾಪ್‌ಟಾಪ್‌ನಲ್ಲಿ ಹಾಕ್ದೆ. ಇನ್‌ಸ್ಟಾಲ್ ಆಗಿ ಸ್ಟಾರ್ಟ್ ಮಾಡಿದ್ಮೇಲೆ ಬ್ರೌಸರ್‌ನಲ್ಲಿ 127.0.0.1:7657 ಅಂತ ಹೊಡೆದ್ರೆ ಅದರ ಕನ್ಸೋಲ್, ಅಂದ್ರೆ ಎಲ್ಲಾ ನೋಡ್ಕೊಳ್ಳೋ ಪೇಜು, ಬರುತ್ತೆ. ನಂಗೆ ಎಡಗಡೆ ಪಟ್ಟಿಯಲ್ಲೇ ಎರರ್, ಕ್ಲಾಕ್ ಸ್ಕ್ಯೂ ಅಂತ, ಅಂದ್ರೆ ಮಷೀನಿನ ಟೈಮ್ ಸರಿ ಇಲ್ಲ ಅಂತ. ನಾನು ಅದನ್ನ ಸರಿಯಾಗಿ ಓದದೆ ಫೈರ್‌ವಾಲ್ ಸೆಟಿಂಗ್ ಕೆದಕ್ತಾ ಅರ್ಧ ದಿನ ಕಳೆದೆ, ಕೊನೆಗೆ ನೋಡಿದ್ರೆ ಮದರ್‌ಬೋರ್ಡ್ ಸೆಲ್ ಸತ್ತು ಟೈಮೇ ತಪ್ಪಾಗಿತ್ತು, ನೆಟ್‌ನಿಂದ ಟೈಮ್ ತಗೊಳ್ಳೋದನ್ನ ಯಾವತ್ತೋ ಆಫ್ ಮಾಡಿದ್ದೆ. ಟೈಮ್ ಸರಿ ಇಲ್ದಿದ್ರೆ ಬೇರೆ ರೂಟರ್‌ಗಳು ನಮ್ಮನ್ನ ಸೇರಿಸ್ಕೊಳ್ಳಲ್ಲ, ಮೊದಲು ಅದನ್ನ ನೋಡ್ಕೊಳ್ಳಿ.

ಆಮೇಲೆ ಫೈರ್‌ಫಾಕ್ಸ್‌ನಲ್ಲಿ ಇದಕ್ಕೇ ಅಂತ ಬೇರೆ ಪ್ರೊಫೈಲ್ ಮಾಡಿ, ಬ್ರೌಸರ್ ಐಟುಪಿ ಮೂಲಕವೇ ಹೋಗೋ ಹಾಗೆ ಪ್ರಾಕ್ಸಿ 127.0.0.1, ಪೋರ್ಟ್ 4444 ಕೊಟ್ಟೆ. ದಿನಾ ಬಳಸೋ ಪ್ರೊಫೈಲ್‌ನಲ್ಲಿ ಮಾಡ್ಬೇಡಿ, ಅಲ್ಲಿ ನಿಮ್ಮ ಲಾಗಿನ್ನು ಕುಕೀಸು ಎಲ್ಲಾ ಇರುತ್ತೆ. ಅಡ್ರೆಸ್ ಹೊಡೆಯೋವಾಗ ಮುಂದೆ http:// ಅಂತ ಪೂರ್ತಿ ಸೇರಿಸಿ, ಇಲ್ದಿದ್ರೆ ಬ್ರೌಸರ್ ಅದನ್ನ ಸರ್ಚ್ ಮಾಡೋಕೆ ಹೋಗ್ಬಿಡುತ್ತೆ.

ಮೊದಲ ಸಂಜೆ ಒಂದು ಸೈಟೂ ಸರಿಯಾಗಿ ತೆರೀಲಿಲ್ಲ. ಇಲ್ಲೇ ತುಂಬಾ ಜನ ಬಿಟ್ಟುಬಿಡ್ತಾರೆ ಅನ್ಸುತ್ತೆ, ದಯವಿಟ್ಟು ಬಿಡ್ಬೇಡಿ. ನಮ್ಮ ರೂಟರ್‌ಗೆ ಆಗಿನ್ನೂ ಯಾರೂ ಪರಿಚಯ ಇರಲ್ಲ, ಯಾರು ಫಾಸ್ಟು ಯಾರು ನಂಬಿಕಸ್ಥರು ಅಂತ ತಿಳ್ಕೊಳ್ಳೋಕೆ ಟೈಮ್ ಬೇಕು. ರಾತ್ರಿಯಿಡೀ ಆನ್ ಇಟ್ಟು ಮಲಗಿದೆ, ಬೆಳಗ್ಗೆ ಟನಲ್‌ಗಳು (ಬೇರೆಯವರ ಮಷೀನುಗಳ ಮೂಲಕ ಹೋಗೋ ದಾರಿಗಳು) ರೆಡಿಯಾಗಿದ್ವು, ಪೇಜು ತೆರೀತು. ಆದ್ರೂ ನಿಧಾನವೇ, ಯಾಕಂದ್ರೆ ಹೋಗೋ ಟನಲ್ ಬೇರೆ ಬರೋ ಟನಲ್ ಬೇರೆ, ಮಾಮೂಲಿ ಸೆಟಿಂಗ್‌ನಲ್ಲಿ ನಮ್ಮ ಕಡೆ ಮೂರು ಮಷೀನು ಸೈಟಿನ ಕಡೆ ಮೂರು, ಹೋಗ್ತಾ ಆರು ದಾಟಿ ಬರ್ತಾ ಇನ್ನೊಂದು ಆರು ದಾಟ್ಬೇಕು. ವಿಡಿಯೋ ನೋಡೋ ಜಾಗ ಅಲ್ಲ ಇದು, ಮಾಮೂಲಿ ವೆಬ್‌ಸೈಟಿಗೂ ಅಲ್ಲ, ಐಟುಪಿ ಒಳಗೇ ಇರೋ ಸೈಟುಗಳಿಗೇ ಇರೋದು.

ನಮ್ಮನೆ ಫೈಬರ್‌ನಲ್ಲಿ ಪಬ್ಲಿಕ್ ಐಪಿ ಸಿಗಲ್ಲ, ಹಂಗಾಗಿ ಈಗ್ಲೂ ಫೈರ್‌ವಾಲ್ಡ್, ಅಂದ್ರೆ ಹೊರಗಿನವರು ನೇರವಾಗಿ ನಮ್ಮನ್ನ ತಲುಪೋಕಾಗಲ್ಲ, ಅಂತಾನೇ ತೋರ್ಸುತ್ತೆ. ಅದರಿಂದ ಕೆಲಸವೇನೂ ನಿಲ್ಲಲ್ಲ. ಬ್ಯಾಂಡ್‌ವಿಡ್ತ್ ಮಾತ್ರ ಕಂಜೂಸಿ ಮಾಡ್ದೆ ಕೊಡಿ, ನನ್ನ ಅಪ್‌ಲೋಡ್‌ನಲ್ಲಿ ಅರ್ಧ ಬಿಟ್ಟಿದ್ದೀನಿ.

ಇನ್ನೊಂದು, ನಿಲ್ಲಿಸೋವಾಗ ದಢಕ್ಕಂತ ಆಫ್ ಮಾಡ್ಬೇಡಿ. ಒಂದು ಟನಲ್ ಆಯಸ್ಸು ಹತ್ತು ನಿಮಿಷ, ನಮ್ಮ ಮೂಲಕ ಯಾರದ್ದೋ ಹೋಗ್ತಾ ಇರುತ್ತೆ, ಕನ್ಸೋಲ್‌ನಲ್ಲಿ ಶಟ್‌ಡೌನ್ ಒತ್ತಿದ್ರೆ ಅದೆಲ್ಲಾ ಮುಗಿಯೋವರೆಗೂ ಕಾದು ನಿಲ್ಲುತ್ತೆ. ಊರಿಗೆ ಹೊರಡೋ ದಿನ ನಾನು ಬ್ಯಾಗ್ ತುಂಬೋಕೆ ಮುಂಚೆ ಅದನ್ನ ಒತ್ತಿರ್ತೀನಿ, ಆಟೋ ಬಾಗಿಲಿಗೆ ಬರೋಷ್ಟೊತ್ತಿಗೆ ನಿಂತಿರುತ್ತೆ.