ಎದೆಯ ಬ್ಯಾಡ್ಜ್‌ಗೆ ಕಣ್ಣಿನ ಪಾಡು ತಿಳಿಯದು

ಎಕ್ಸ್-ರೇ ಕಿರಣದ ನೆರವಿನಿಂದ ಹೃದಯದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ನಡೆಯುವ ಕ್ಯಾಥ್ ಲ್ಯಾಬಿನಲ್ಲಿ ವೈದ್ಯರು, ನರ್ಸ್‌ಗಳು, ತಂತ್ರಜ್ಞರು ಸೀಸದ ಏಪ್ರನ್ ತೊಟ್ಟು, ಅದರೊಳಗೆ ಎದೆಯ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತಾರೆ. ವರದಿಯಲ್ಲಿ ಅಂಕಿ ಕಡಿಮೆ ಬಂದರೆ ಎಲ್ಲರಿಗೂ ನಿರಾಳ. ಆದರೆ ಏಪ್ರನ್ ಕುತ್ತಿಗೆಯ ಕೆಳಗೇ ಮುಗಿಯುತ್ತದೆ. ಅದರ ಮರೆಯಲ್ಲಿರುವ ಬ್ಯಾಡ್ಜ್ ಕಣ್ಣಿಗೆ ಬಿದ್ದ ವಿಕಿರಣದ ಲೆಕ್ಕ ಕೊಡಲಾರದು.

ಈ ಲೆಕ್ಕ ಏಕೆ ಬೇಕೆಂದರೆ, ವಿಕಿರಣದಿಂದ ಕಣ್ಣಿನ ಮಸೂರದ ಹಿಂಬದಿಯಲ್ಲಿ ಪೊರೆ ಕಟ್ಟುತ್ತದೆ. ಮಸೂರಕ್ಕೆ ವರ್ಷಕ್ಕೆ 150 ಮಿಲಿಸೀವರ್ಟ್ (ದೇಹಕ್ಕೆ ಬಿದ್ದ ವಿಕಿರಣದ ಅಳತೆ) ಎಂದಿದ್ದ ಮಿತಿಯನ್ನು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲಿ ಬಹಳ ಕೆಳಗಿಳಿಸಿತು: ಐದು ವರ್ಷಗಳ ಸರಾಸರಿ 20, ಯಾವ ಒಂದು ವರ್ಷದಲ್ಲೂ 50 ಮೀರಬಾರದು.

ಕಣ್ಣಿನ ಲೆಕ್ಕ ಇಡಲು ಮೊದಲು ನಿಂತ ಜಾಗ ನೋಡಿ. ಕಣ್ಣಿಗೆ ಬರುವುದು ಮುಖ್ಯವಾಗಿ ರೋಗಿಯ ಮೈಗೆ ತಾಗಿ ಚದುರಿದ ಕಿರಣ. ರೋಗಿಯ ಬಲಬದಿಯಲ್ಲಿ ನಿಲ್ಲುವ ವೈದ್ಯರಿಗೆ ಸಾಮಾನ್ಯವಾಗಿ ಎಡಗಣ್ಣಿಗೇ ಹೆಚ್ಚು ಪೆಟ್ಟು. ನರ್ಸ್ ಬೇರೆ ದಿಕ್ಕಿಗೆ ಮುಖ ಮಾಡಿದ್ದರೆ ಅವರ ಬಲಗಣ್ಣೇ ಹತ್ತಿರವಿರಬಹುದು. ಆದ್ದರಿಂದ ಅಳೆಯುವ ಸಾಧನವನ್ನು ಎಲ್ಲರಿಗೂ ಒಂದೇ ಕಡೆ ಕಟ್ಟಬೇಡಿ.

ಬಳಿಕ ಆ ಸಾಧನ, ಅಂದರೆ ಡೋಸಿಮೀಟರ್. ಮಸೂರ ಮೇಲ್ಮೈಯಿಂದ ಸುಮಾರು 3 ಮಿಲಿಮೀಟರ್ ಆಳದಲ್ಲಿದೆ. ಆ ಆಳಕ್ಕೆ ಮಾಪನ ಹೊಂದಿಸಿದ, ಲಿಥಿಯಂ ಫ್ಲೋರೈಡ್ ಬಿಲ್ಲೆಯಿರುವ ಪುಟ್ಟ ಡೋಸಿಮೀಟರ್ ಸಿಗುತ್ತದೆ. ಅದನ್ನು ತಲೆಪಟ್ಟಿಗೆ ಸಿಕ್ಕಿಸಿ, ಕಿರಣ ಬರುವ ಬದಿಯ ಕಣತಲೆಗೆ, ಕಣ್ಣಿನ ಮಟ್ಟದಲ್ಲಿ ತಾಗುವಂತೆ ಇಡಿ. ಸೀಸದ ಕನ್ನಡಕ ಹಾಕುವವರು ಗಾಜಿನ ಒಳಬದಿಯಲ್ಲೇ ಇಟ್ಟುಕೊಳ್ಳಬೇಕು. ಹೊರಗಿಟ್ಟಿದ್ದರೆ ಅಂಕಿ ಓದುವ ಪ್ರಯೋಗಾಲಯಕ್ಕೆ ತಿಳಿಸಿ, ಇಲ್ಲವಾದರೆ ಕನ್ನಡಕ ತಡೆದದ್ದೂ ಕಣ್ಣಿನ ಖಾತೆಗೆ ಸೇರುತ್ತದೆ. ಕೆಲಸ ಮುಗಿದ ಮೇಲೆ ಲ್ಯಾಬಿನೊಳಗೆ ಬಿಟ್ಟುಹೋಗಬೇಡಿ; ನೀವಿಲ್ಲದಾಗಲೂ ಅದು ಕಿರಣ ಕುಡಿಯುತ್ತಿರುತ್ತದೆ. ಹಿನ್ನೆಲೆ ವಿಕಿರಣವನ್ನು ಕಳೆಯಲು ಅಂಥದ್ದೇ ಇನ್ನೊಂದನ್ನು ದೂರದ ಕೋಣೆಯಲ್ಲಿಡಿ.

ಇದು ಸಿಗದ ಆಸ್ಪತ್ರೆಯಲ್ಲಿ ಏಪ್ರನ್‌ನ ಹೊರಗೆ, ಕಾಲರ್ ಬಳಿ ಎರಡನೇ ಬ್ಯಾಡ್ಜ್ ಧರಿಸಬಹುದು. ಅದರಿಂದ ಸಿಗುವುದು ಕಣ್ಣಿನ ಅಂದಾಜು ಮಾತ್ರ. ಎರಡಕ್ಕೂ ದಪ್ಪ ಅಕ್ಷರದಲ್ಲಿ 'ಒಳಗೆ', 'ಹೊರಗೆ' ಎಂದು ಗುರುತು ಹಾಕಿ. ಅದಲುಬದಲಾದರೆ ಎರಡು ಲೆಕ್ಕವೂ ಹಾಳು.

ಜತೆಗೊಂದು ನೋಟ್‌ಬುಕ್ ಇರಲಿ. ಯಾವ ಚಿಕಿತ್ಸೆ, ಕಿರಣ ಎಷ್ಟು ನಿಮಿಷ ಹೊತ್ತಿತ್ತು, ಚಾವಣಿಯಿಂದ ತೂಗುವ ಸೀಸದ ಗಾಜನ್ನು ಎಳೆದುಕೊಂಡಿದ್ದರೋ ಇಲ್ಲವೋ ಎಂದು ಅಂದೇ ಬರೆಯಬೇಕು. ಈ ಕೊನೆಯ ಕಲಂ ನನಗೆ ಎಲ್ಲಕ್ಕಿಂತ ಮುಖ್ಯ. ಅಂಕಿ ಏರಿದಾಗ ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ತಿಂಗಳಿಗೆ 2 ಮಿಲಿಸೀವರ್ಟ್ ಬಂದರೆ ವರ್ಷಕ್ಕೆ 24, ಅಂದರೆ ಸರಾಸರಿಯ ಮಿತಿಗಿಂತ ಮೇಲೆ. ಒಂದೇ ತಿಂಗಳ ಅಂಕಿ ನೆಚ್ಚದೆ ಕನಿಷ್ಠ ಮೂರು ತಿಂಗಳು ಅಳೆಯಿರಿ. ಆಗಲೂ ಹೆಚ್ಚಿದ್ದರೆ ಗಾಜನ್ನು ರೋಗಿಯ ಮೈಗೂ ನಿಮ್ಮ ಮುಖಕ್ಕೂ ನಡುವೆ ಎಳೆದುಕೊಂಡು, ಅದೇ ಡೋಸಿಮೀಟರ್ ಕಟ್ಟಿ ಇನ್ನೊಂದು ತಿಂಗಳು ಅಳೆದು ಹೋಲಿಸಿ.